ಅಕ್ಕ ನೀರು ಕುಡಿದ ಮಳೆಗಾಲ

ಕಳೆದ ವಾರ ನೆರೆಮನೆಯವರ ತಾಯಿಯನ್ನು ಕರೆದುಕೊಂಡು ದಾವಣಗೆರೆಯ ಆ ಆಸ್ಪತ್ರೆಯ ನೆಲಮಾಳಿಗೆಗೆ ಇಳಿಯಬೇಕಾಯಿತು. ಮೆಟ್ಟಿಲುಗಳ ತಿರುವಿನಲ್ಲಿಯೇ ಹಳೆಯ ವಾಸನೆ ಎದುರಾಯಿತು: ಫಿನಾಯಿಲಿನದು, ಎ.ಸಿ. ಯಂತ್ರದಿಂದ ಬರುವ ಒದ್ದೆ ಗೋಣಿಚೀಲದಂಥದು, ಯಾರದೋ ಬುತ್ತಿಯಿಂದ ಎದ್ದ ಶೇಂಗಾ ಚಟ್ನಿಯದು. ಕೆಳಗೆ ಗೋಡೆಗುಂಟ ಹಾಕಿದ ಉಕ್ಕಿನ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕುಳಿತು ನೀರು ಕುಡಿಯುತ್ತಿದ್ದರು. ಪ್ರತಿಯೊಬ್ಬರ ಮಡಿಲಿನಲ್ಲಿಯೂ ಒಂದು ಬಾಟಲಿ. ಬಾಯಾರಿ ಕುಡಿಯುವವರ ಮುಖ ಹಾಗಿರುವುದಿಲ್ಲ. ಒಂದು ಗುಟುಕು ನುಂಗಿ, ಗೋಡೆಯ ಗಡಿಯಾರವನ್ನು ನೋಡಿ, ಮತ್ತೊಂದು ಗುಟುಕಿಗೆ ಬಾಟಲಿ ಎತ್ತುತ್ತಿದ್ದರು.

"ಯಾಕವ್ವ ಇವ್ರಿಗೆಲ್ಲ ಇಷ್ಟು ನೀರಡಿಕಿ?" ಎಂದು ನನ್ನ ಜೊತೆಗಿದ್ದ ಮುದುಕಿ ಮೆಲ್ಲಗೆ ಕೇಳಿದರು. ಉತ್ತರ ನನಗೆ ಗೊತ್ತಿತ್ತು. ಆದರೆ ಆ ಬೆಂಚಿನ ಮುಂದೆ ನಿಂತು ಅದನ್ನು ಹೇಳುವುದು ನನ್ನಿಂದಾಗಲಿಲ್ಲ. ಒಂದು ಮುಂಗಾರಿನ ಬಹುಪಾಲನ್ನು ನಾನು ಅದೇ ಬೆಂಚಿನ ಮೇಲೆ, ನನ್ನ ಅಕ್ಕನ ಪಕ್ಕದಲ್ಲಿ ಕುಳಿತು ಕಳೆದಿದ್ದೆ.

ಅಕ್ಕನ ಹೆಸರು ನೀಲಮ್ಮ. ಅವಳನ್ನು ಹರಿಹರದ ಕಡೆಯ ಕೊಂಡಜ್ಜಿ ಎಂಬ ಊರಿಗೆ ಕೊಟ್ಟಿದ್ದರು. ನಾಲೆಯ ನೀರು ತಲುಪುವ ಕೊನೆಯ ಅಂಚಿನಲ್ಲಿ ಅವರಿಗೆ ಸ್ವಲ್ಪ ಗದ್ದೆ. ಭಾವ ರುದ್ರಪ್ಪನವರಿಗೆ ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಗದ್ದೆಯನ್ನು ನಡೆಸುತ್ತಿದ್ದವಳು ಅಕ್ಕ. ತನ್ನದಷ್ಟೇ ಅಲ್ಲದೆ ಊರಿನ ಅರ್ಧ ಗದ್ದೆಗಳ ನಾಟಿಯೂ ಅವಳ ಗುಂಪಿನದೇ. ಹೆಂಗಸರನ್ನು ಸಾಲು ಹಿಡಿಸಿ ನಿಲ್ಲಿಸಿ, ಸಸಿಯ ಕಟ್ಟುಗಳನ್ನು ಎಸೆಯುತ್ತ, ಹಿಂದೆ ಬಿದ್ದವಳನ್ನು ಬಯ್ಯುತ್ತ, ಬೆಳಗಿನಿಂದ ಸಂಜೆಯವರೆಗೆ ಮೊಣಕಾಲುದ್ದದ ನೀರಿನಲ್ಲಿ ಬಾಗಿ ಹಿಂದಕ್ಕೆ ಹಿಂದಕ್ಕೆ ಸರಿಯುವ ಕೆಲಸ ಅದು. ನಾನಾದರೋ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದು, ಸ್ವಯಂ ನಿವೃತ್ತಿ ಪಡೆದು, ದಾವಣಗೆರೆಯ ಸರಸ್ವತಿ ನಗರದ ಮನೆಯಲ್ಲಿ ಒಬ್ಬಳೇ ಇದ್ದೆ. ಅಕ್ಕನ ಮಗಳು ರಾಣೆಬೆನ್ನೂರಿನಲ್ಲಿ ಹಸಿ ಬಾಣಂತಿ. ಆದ್ದರಿಂದ ಆಸ್ಪತ್ರೆಯ ಓಡಾಟ ನನ್ನ ಪಾಲಿಗೆ ಬಂದಿತು.

ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ಕಾಣಿಸಿಕೊಂಡ ರಕ್ತವನ್ನು ಅವಳು ಒಂದು ಬೇಸಿಗೆಯಿಡೀ ಮುಚ್ಚಿಟ್ಟಿದ್ದಳು. ಹರಿಹರದ ಹೆರಿಗೆ ಆಸ್ಪತ್ರೆಯ ವೈದ್ಯೆ ಪರೀಕ್ಷಿಸಿ, ಕೈಗವಸು ಕಳಚುತ್ತ, "ಇವತ್ತೇ ದಾವಣಗೆರೆಗೆ ಹೋಗಿರಿ" ಎಂದಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಹಂತವನ್ನು ಅದು ದಾಟಿತ್ತು. ಉಳಿದ ದಾರಿ ವಿಕಿರಣ ಚಿಕಿತ್ಸೆ. ನಮ್ಮ ಕಡೆಯ ಬಾಯಿಮಾತಿನಲ್ಲಿ ಕರೆಂಟು ಕೊಡಿಸುವುದು.

ಮೊದಲು ಅವಳನ್ನು ಸಿ.ಟಿ. ಯಂತ್ರದಲ್ಲಿ ಮಲಗಿಸಿ, ಹೊಟ್ಟೆಯ ಒಳಗನ್ನು ಹೋಳು ಹೋಳಾಗಿ ಚಿತ್ರ ತೆಗೆದರು. ಸೊಂಟದ ಎರಡು ಬದಿಗೂ ಹೊಕ್ಕುಳ ಕೆಳಗೂ ಅಳಿಸದ ಶಾಯಿಯಿಂದ ಗುರುತು ಹಾಕಿದರು. ಆ ಚಿತ್ರಗಳ ಮೇಲೆ ವೈದ್ಯರು ಗೆಡ್ಡೆ ಎಲ್ಲಿದೆ, ಮೂತ್ರಕೋಶ ಎಲ್ಲಿದೆ, ಕರುಳು ಎಲ್ಲಿದೆ ಎಂದು ಬೇರೆ ಬೇರೆ ಬಣ್ಣದ ಗೆರೆ ಎಳೆದು, ಕಿರಣ ಯಾವ ದಿಕ್ಕಿನಿಂದ ಎಷ್ಟು ಬೀಳಬೇಕೆಂಬುದನ್ನು ಗೊತ್ತುಮಾಡಿದರು. ಅದಕ್ಕೇ ಕೆಲವು ದಿನ ಹಿಡಿಯಿತು. ಬಳಿಕ ಅಲ್ಲಿಯ ವೈದ್ಯೆ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಎರಡು ನಿಯಮಗಳನ್ನು ಹೇಳಿದರು. ಸೋಮವಾರದಿಂದ ಶುಕ್ರವಾರದವರೆಗೆ ಒಂದು ದಿನವೂ ತಪ್ಪಿಸಬಾರದು. ಬಿಟ್ಟ ದಿನ ನಮಗೆ ರಜೆ, ಗೆಡ್ಡೆಗೆ ರಜೆಯಿಲ್ಲ. ಎರಡನೆಯದು, ಪ್ರತಿದಿನ ಮೊದಲು ಮೂತ್ರ ಮಾಡಿ ಬಂದು, ಬಾಟಲಿ ನೀರು ಕುಡಿದು, ಮುಕ್ಕಾಲು ಗಂಟೆ ತಡೆದುಕೊಂಡು, ತುಂಬಿದ ಮೂತ್ರಕೋಶದೊಡನೆ ಯಂತ್ರದ ಕೆಳಗೆ ಮಲಗಬೇಕು.

ಮೊದಲನೆಯ ನಿಯಮಕ್ಕೆ ಅಕ್ಕ ತಲೆಯಾಡಿಸಿದಳು. ಎರಡನೆಯದು ಅವಳಿಗೆ ತಮಾಷೆಯಾಗಿ ಕಂಡಿತು.

"ನೀರು ಕುಡಿಯೋದೇನ್ ಕಷ್ಟರೀ," ಎಂದಳು.

ಅದರಷ್ಟು ಕಷ್ಟದ್ದು ಇನ್ನಾವುದೂ ಇರಲಿಲ್ಲವೆಂಬುದು ಚಿಕಿತ್ಸೆಯ ಮೊದಲ ವಾರದಲ್ಲಿಯೇ ತಿಳಿಯಿತು. ನಾಟಿಯ ಕಾಲದಲ್ಲಿ ಊರು ಬಿಟ್ಟು ನನ್ನ ಮನೆಯಲ್ಲಿರಲು ಅವಳು ಒಪ್ಪಿರಲಿಲ್ಲ. ಬೆಳಗ್ಗೆ ಕೊಂಡಜ್ಜಿಯಿಂದ ಬಸ್ಸು ಹಿಡಿದು ಬರುವುದು, ಕರೆಂಟು ಮುಗಿಸಿಕೊಂಡು ಮಧ್ಯಾಹ್ನ ಗದ್ದೆಗೆ ಮರಳುವುದು ಎಂದು ತಾನೇ ನಿಶ್ಚಯಿಸಿದ್ದಳು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ. ಬಸ್ಸಿನಿಂದಿಳಿದು, ಮಳೆಯಲ್ಲಿ ನೆನೆದ ಸೆರಗನ್ನು ಹಿಂಡುತ್ತ ಬರುತ್ತಿದ್ದಳು. ಬೆಂಚಿನ ಮೇಲೆ ಕುಳಿತು ಬಾಟಲಿ ಎತ್ತುತ್ತಿದ್ದಳು. ನಾನು ಚೀಟಿ ಕೊಟ್ಟು ಬರುವಷ್ಟರಲ್ಲಿ ಬಾಟಲಿ ಬರಿದಾಗಿರುತ್ತಿತ್ತು.

ಒಳಗೆ ಕಿರಣ ಬಿಡುವ ಮೊದಲು, ಅದೇ ಯಂತ್ರದ ತೋಳು ಅವಳ ಸುತ್ತ ಒಮ್ಮೆ ತಿರುಗಿ ಚಿತ್ರ ತೆಗೆಯುತ್ತಿತ್ತು. ಅದನ್ನು ಮೊದಲ ದಿನದ ಚಿತ್ರದೊಡನೆ ಹೋಲಿಸಿ, ಮೇಜನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಎಲ್ಲ ಕೂಡಿಬಂದ ಮೇಲೆ ಚಿಕಿತ್ಸೆ. ಮೂರನೆಯ ದಿನ ಚಿತ್ರ ಕೂಡಿಬರಲಿಲ್ಲ. ಯಂತ್ರವನ್ನು ನಡೆಸುವ ತಂತ್ರಜ್ಞ ಇಮ್ರಾನ್, ಹರಿಹರದ ಕಡೆಯವನು, ಅವಳನ್ನು ಇಳಿಸಿ ಹೊರಗೆ ಕರೆತಂದ.

"ಅಮ್ಮಾ, ನೀರು ಕುಡ್ದಿಲ್ಲ ನೀವು."

"ಕುಡದೀನಪ್ಪ. ಬಾಟ್ಲಿ ನೋಡು ಬೇಕಾದ್ರೆ."

"ಬಾಟ್ಲಿ ಖಾಲಿ ಐತೆ. ಆದ್ರೆ ನಿಮ್ಮ ಹೊಟ್ಟೀನೂ ಖಾಲಿ ಐತೆ. ಚಿತ್ರದಾಗ ಕಾಣ್ತೈತಲ್ಲ."

"ಹಂಗಾರೆ ನಿನ್ನ ಮಿಷನ್ನಿಗೆ ಕಣ್ಣಿನ ಪೊರೆ ಬಂದಿರಬೇಕು. ಆಪರೇಷನ್ ಮಾಡ್ಸು."

ಬೆಂಚಿನ ಮೇಲಿದ್ದವರು ನಕ್ಕರು. ಇಮ್ರಾನನೂ ನಕ್ಕ, ಆದರೆ ಒಳಗೆ ಬಿಡಲಿಲ್ಲ. ಮತ್ತೊಂದು ಬಾಟಲಿ ಕೊಟ್ಟು ಕೂರಿಸಿದ. ನನ್ನ ಕಣ್ಣೆದುರಿಗೆ ಕುಡಿದ ಆ ನೀರು ಅವಳಿಗೆ ವಿಷದಂತಿತ್ತು. ಅವಳು ದಿನವೂ ಬಾಟಲಿಯ ನೀರಿನಲ್ಲಿ ಒಂದಿಷ್ಟನ್ನು ಕೈತೊಳೆಯುವ ತೊಟ್ಟಿಯಲ್ಲಿ ಸುರಿದು ಬರುತ್ತಿದ್ದಳು, ಅಂದು ಪೂರ್ತಿ ಸುರಿದಿದ್ದಳು ಎಂದು ಪಕ್ಕದಲ್ಲಿದ್ದ ಹೆಂಗಸು ನನಗೆ ಹೇಳಿದಳು.

ಯಾಕೆಂದು ನಾನು ಕೇಳಬೇಕಾಗಿರಲಿಲ್ಲ. ದಾರಿಗೆ ಹೊರಟ ಹೆಣ್ಣು ನೀರು ಕುಡಿಯಬಾರದು ಎಂಬುದು ನಮ್ಮ ಅವ್ವ ನಮ್ಮಿಬ್ಬರಿಗೂ ಜಡೆ ಹೆಣೆಯುವಾಗ ಕಲಿಸಿದ ಪಾಠ. ಬಸ್ಸಿನಲ್ಲಿ ಒತ್ತಡವಾದರೆ ಎಲ್ಲಿ ಇಳಿಯುವುದು, ಸಂತೆಯಲ್ಲಾದರೆ ಯಾವ ಮರೆಗೆ ಹೋಗುವುದು? ಪೇಟೆಗೆ ಹೋಗುವ ಹಿಂದಿನ ಸಂಜೆಯಿಂದಲೇ ತಂಬಿಗೆಯನ್ನು ದೂರವಿಡುವ ಹೆಂಗಸರು ನಮ್ಮ ಸೀಮೆಯ ಪ್ರತಿ ಊರಿನಲ್ಲಿಯೂ ಇದ್ದಾರೆ. ಬಾಗಿಲಿಲ್ಲದ ಶೌಚಾಲಯವಿದ್ದ ಶಾಲೆಯಲ್ಲಿ ವರ್ಷಗಟ್ಟಲೆ ದುಡಿದ ನಾನೂ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಗುಟುಕು ನೀರು ಮುಟ್ಟಿದವಳಲ್ಲ. ಅಕ್ಕನಿಗೆ ಆ ಅಭ್ಯಾಸ ಮೈಯ ಭಾಗವೇ ಆಗಿತ್ತು. ಅದರ ಮೇಲೆ, ಮೂತ್ರ ತುಂಬಿಕೊಂಡು, ಸೀರೆ ಸಡಿಲಿಸಿ, ಗಂಡಸರ ಎದುರಿಗೆ ಮಲಗುವುದೆಂದರೆ ಅವಳ ಜೀವ ನಡುಗುತ್ತಿತ್ತು.

ಮರುದಿನ ವೈದ್ಯೆ ಅವಳನ್ನು ಗಣಕಯಂತ್ರದ ಮುಂದೆಯೇ ಕೂರಿಸಿಕೊಂಡರು. ಎರಡು ಚಿತ್ರಗಳಿದ್ದವು. ಒಂದರಲ್ಲಿ ಮೂತ್ರಕೋಶ ಉಬ್ಬಿದ ಚೆಂಡಿನಂತಿದ್ದು, ಕರುಳಿನ ಸುರುಳಿಗಳು ಅದರ ಮೇಲಕ್ಕೆ ತಳ್ಳಲ್ಪಟ್ಟಿದ್ದವು. ಇನ್ನೊಂದರಲ್ಲಿ ಅದು ಬತ್ತಿಹೋಗಿ, ಕರುಳು ಕೆಳಗಿಳಿದು ಗೆಡ್ಡೆಯ ಪಕ್ಕದಲ್ಲಿಯೇ ಒರಗಿತ್ತು.

"ನೀರು ಇಲ್ಲಾಂದ್ರೆ ಕರೆಂಟು ಕರುಳಿಗೆ ಬೀಳುತ್ತೆ ನೀಲಮ್ಮ. ಕರುಳು ಸುಟ್ಟರೆ ಮುಂದೆ ರಕ್ತಭೇದಿ, ತೂತು, ಏನೇನೋ ಆಗುತ್ತೆ."

ಅಕ್ಕ ಪರದೆಯನ್ನೇ ನೋಡುತ್ತಿದ್ದಳು. "ನಮ್ಮ ಕೆರೆ ಇದ್ದಂಗೈತೆ ಬಿಡ್ರಿ," ಎಂದಳು. "ತುಂಬಿದ್ರೆ ದನ ಏರಿ ಮ್ಯಾಲೆ ನಿಲ್ತಾವೆ. ಒಣಗಿದ್ರೆ ಎಲ್ಲಾ ಒಳಾಕೆ ಇಳಿತಾವೆ."

"ಅಷ್ಟೇ," ಎಂದರು ವೈದ್ಯೆ. "ದನಗಳನ್ನ ಏರಿ ಮೇಲೆ ನಿಲ್ಲಿಸಿ. ಉಳಿದದ್ದು ನಾವು ನೋಡ್ಕೊಳ್ತೀವಿ."

ಅಂದಿನಿಂದ ಅವಳು ಕುಡಿದಳು. ಕುಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ವರ್ಷ ಮಳೆಯೂ ಹಟ ಹಿಡಿದಂತೆ ಸುರಿಯುತ್ತಿತ್ತು. ಹರಿಹರದಲ್ಲಿ ಹೊಳೆ ಕೆಂಪಗೆ ತುಂಬಿ ಸ್ನಾನಘಟ್ಟದ ಮೆಟ್ಟಿಲುಗಳು ಮುಳುಗಿದ್ದವು. ದಾವಣಗೆರೆಯ ರಸ್ತೆಗಳ ಕುಳಿಗಳಲ್ಲಿ ಆಟೋಗಳು ಅಚ್ಚಿನವರೆಗೆ ಇಳಿಯುತ್ತಿದ್ದವು. ನೆಲಮಾಳಿಗೆಯ ತಂಪು ಮತ್ತು ಹೊರಗಿನ ಥಂಡಿ ಸೇರಿ ಮುಕ್ಕಾಲು ಗಂಟೆ ತಡೆಯುವುದೆಂದರೆ ಅವಳ ತುಟಿ ನೀಲಿಗಟ್ಟುತ್ತಿತ್ತು. ಬೆಂಚಿನ ಅಂಚನ್ನು ಹಿಡಿದು, ಕಾಲು ಬೆಸೆದು, ಒಂದೂ ಮಾತಾಡದೆ ಕುಳಿತಿರುತ್ತಿದ್ದಳು. ನಾಟಿಯಲ್ಲಿ ಎಲ್ಲರಿಗಿಂತ ದೊಡ್ಡ ದನಿಯವಳು.

ಮೂರನೆಯ ವಾರದ ಒಂದು ದಿನ, ಅವಳ ಸರದಿಗೆ ಒಬ್ಬರೇ ಬಾಕಿಯಿದ್ದಾಗ ಯಂತ್ರ ನಿಂತಿತು. ಇನ್ನೇನು ಸರಿಯಾಗುತ್ತದೆ ಎಂದರು. ಶೌಚಕ್ಕೆ ಹೋಗಿ ಬಾ, ಮತ್ತೆ ಕುಡಿಯುವೆಯಂತೆ ಎಂದು ನಾನು ಹೇಳಿದೆ. "ಮತ್ತೆ ಮೊದ್ಲಿಂದ ಬ್ಯಾಡವ್ವ, ತಡಿತೀನಿ," ಎಂದಳು. ಬಹಳ ಹೊತ್ತಿನ ಮೇಲೆ ಅವಳನ್ನು ಕರೆದರು. ದಪ್ಪನೆಯ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಾಗಿತ್ತು, ಮತ್ತೆ ತೆರೆಯಿತು. ಇಮ್ರಾನ್ ಹೊರಗೆ ಬಂದು ಆಯಾಳನ್ನು ಹುಡುಕಿದ. ಅವಳು ಇರಲಿಲ್ಲ. ಅವನೇ ಬಟ್ಟೆ ಹಿಡಿದುಕೊಂಡು ಒಳಗೆ ಹೋದ.

ಅಕ್ಕ ಹೊರಬಂದಾಗ ಸೀರೆಯ ಹಿಂಭಾಗ ಒದ್ದೆಯಾಗಿ ಕಾಲಿಗೆ ಅಂಟಿತ್ತು. ನನ್ನ ಶಾಲನ್ನು ಸುತ್ತಿಕೊಂಡಳು. ಆ ದಿನದ ಚಿಕಿತ್ಸೆ ಆಗಲಿಲ್ಲ. ಸಂಜೆ ಬಂದರೆ ಕೊಡುತ್ತೇವೆ ಎಂದು ಇಮ್ರಾನ್ ಹೇಳಿದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಆಟೋದಲ್ಲಿ ನನ್ನ ಮುಖ ನೋಡದೆ ಒಂದೇ ಮಾತು ಆಡಿದಳು: "ಅವ್ನು ಒರೆಸಿದ, ಶಾರಿ. ನನ್ನ ಮಗಳ ಓರಗೆ ಹುಡುಗ. ಮಂಡಿ ಊರಿ ಒರೆಸಿದ."

ಮರುದಿನ ಬಸ್ಸು ಬಂತು, ಅವಳು ಇಳಿಯಲಿಲ್ಲ. ದೂರವಾಣಿಯಲ್ಲಿ ಸಿಕ್ಕಿದವರು ಭಾವ.

"ಒಲ್ಲೆ ಅಂತಾಳ ಶಾರದಾ. ರಾತ್ರಿ ಊಟಾನೂ ಮಾಡ್ಲಿಲ್ಲ. ನಾನೂ, ಆತು ಬ್ಯಾಡ ಬಿಡು, ಯಾಕ ಹಂಗ ಜೀವ ತಿಂತಾರ ಅಂದೆ. ಇಷ್ಟು ದಿನ ಕೊಟ್ಟೈತಲ್ಲ, ಅದಾ ಸಾಕಾಗಬಹುದು."

ವೈದ್ಯೆಗೆ ವಿಷಯ ತಿಳಿಸಿದೆ. ಅವರು ಯಾರದೋ ವಯಸ್ಸು ಕೇಳುವಷ್ಟು ಸಹಜವಾಗಿ, "ಅರ್ಧಕ್ಕೆ ನಿಲ್ಲಿಸಿದರೆ ಕೊಟ್ಟಿದ್ದೂ ವ್ಯರ್ಥ. ಎಷ್ಟು ತಡವಾದರೆ ಅಷ್ಟು ನಷ್ಟ. ಕರೆದುಕೊಂಡು ಬನ್ನಿ," ಎಂದರು. ಅದರ ಮರುದಿನವೂ ಅವಳು ಬರಲಿಲ್ಲ. ನಾನು ಕೊಂಡಜ್ಜಿಯ ಬಸ್ಸು ಹತ್ತಿದೆ.

ಅವಳು ಮನೆಯಲ್ಲಿರಲಿಲ್ಲ. ಕೆರೆಯ ಕೆಳಗಿನ ಗದ್ದೆಯಲ್ಲಿ ಗುಂಪಿನೊಡನೆ ಬಾಗಿದ್ದಳು. ತೆಳ್ಳಗಾಗಿದ್ದ ಬೆನ್ನು ರವಿಕೆಯೊಳಗೆ ಕೋಲಿನಂತೆ ಎದ್ದು ಕಾಣುತ್ತಿತ್ತು. ಕೈ ಮಾತ್ರ ಎಂದಿನ ವೇಗದಲ್ಲಿಯೇ ಸಸಿ ಊರುತ್ತಿತ್ತು. ಬದುವಿನ ಮೇಲೆ ಛತ್ರಿ ಹಿಡಿದು ನಿಂತ ನನ್ನನ್ನು ಮೊದಲು ಕಂಡವಳು ಗಂಗವ್ವ, ಅಕ್ಕನ ಬಲಗೈಯಂತಿದ್ದ ಹೆಂಗಸು.

"ಟೀಚರಮ್ಮ ಬಂದ್ರು ನೋಡ್ರೇ. ಎಲ್ಲಾ ಸಾಲು ನೆಟ್ಟಗೆ ಮಾಡ್ರಿ, ಬೆತ್ತ ತಂದಾರ."

ಯಾರೋ ನಕ್ಕರು. ಅಕ್ಕ ತಲೆ ಎತ್ತಲಿಲ್ಲ.

"ಅಕ್ಕ, ಇಂದು ಸಂಜೆಯಾದರೂ ಬಾ. ಎರಡು ದಿನ ಹೋಗಿದೆ."

"ಬರಂಗಿಲ್ಲ."

"ಹಾಗೆಂದರೆ ಹೇಗೆ? ಚಿಕಿತ್ಸೆಯ ನಡುವೆ ಅಂತರ ಬಂದರೆ..."

"ಸಾಲಿ ಬಿಟ್ರೂ ಸಾಲಿ ಮಾತು ಬಿಡಾಕಾಗ್ಲಿಲ್ಲ ನಿನಗ," ಎಂದಳು ಅಕ್ಕ, ಸಸಿ ಊರುತ್ತಲೇ. "ನೀ ಮಲಗಿ ನೋಡು ಆ ಹಲಗಿ ಮ್ಯಾಲೆ. ಸಾಯೋದಾದ್ರೆ ಇಲ್ಲೇ ಸಾಯ್ತೀನಿ. ಮಾನ ಕಳ್ಕೊಂಡು ಬದುಕಿ ಏನ್ಮಾಡ್ಲಿ."

ನಾನು ಹೊರಟಾಗ ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಆ ಗದ್ದೆಯಲ್ಲಿ ನಿಲ್ಲುವಂತಿರಲಿಲ್ಲ. ಗಂಗವ್ವ ನೆಟ್ಟಗಾಗಿ, ಸೊಂಟಕ್ಕೆ ಕೈಕೊಟ್ಟು, ನನ್ನನ್ನೂ ಅಕ್ಕನನ್ನೂ ನೋಡಿದಳು.

"ಏನಾತು ಅಂತ ಹೇಳ್ರಿ ಟೀಚರಮ್ಮ. ಈಕಿ ಎರಡು ದಿನದಿಂದ ಬಾಯಿ ಬಿಡವಲ್ಲಳು."

ನಾನು ಅಕ್ಕನ ಕಡೆ ನೋಡಿದೆ. ಅವಳು ಬೇಡವೆನ್ನಲಿಲ್ಲ. ಆದದ್ದನ್ನು ಆದಷ್ಟು ಗೌರವದ ಮಾತುಗಳಲ್ಲಿ ಹೇಳಿದೆ.

"ಇಷ್ಟಾ?" ಎಂದಳು ಗಂಗವ್ವ. "ನೀಲಕ್ಕ, ಈಗ ನಿಂತೀಯಲ್ಲ, ಈ ಗದ್ದ್ಯಾಗ ಎಷ್ಟು ವರ್ಷದಿಂದ ನಿಂತಲ್ಲೇ ಬಿಟ್ಟೀವಿ ನಾವು? ಮುಂಜಾನಿಂದ ಸಂಜಿತನಕ ಎಲ್ಲಿಗೆ ಹೋಗಿದ್ವಿ? ದಾವಣಗೆರೆ ಮಂದಿ ಉಣ್ಣೋ ಅಕ್ಕಿಗೆ ನಮ್ಮದೂ ಗೊಬ್ಬರ ಐತೆ. ಅವ್ರು ಮಾನ ಹೋತು ಅಂದಾರೇನು?"

ಒಬ್ಬಳು ಕಿಸಕ್ಕೆಂದಳು. ಇನ್ನೊಬ್ಬಳು, "ಗಂಗಕ್ಕಂದು ಡಬಲ್ ಗೊಬ್ಬರ," ಎಂದಳು. ನಗೆ ಸಾಲಿನ ಈ ತುದಿಯಿಂದ ಆ ತುದಿಗೆ ಹರಿಯಿತು. ಅಕ್ಕ ಬಾಗಿಯೇ ಇದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ಆಮೇಲೆ ಅವಳು ತಲೆ ಎತ್ತಿದಾಗ ಮುಖದಲ್ಲಿ ಅಳುವೂ ನಗುವೂ ಎರಡೂ ಇತ್ತು.

"ಆ ಹುಡುಗನ ಮುಖ ಹೆಂಗೆ ನೋಡ್ಲೇ," ಎಂದಳು.

"ನೋಡಬ್ಯಾಡ. ಕರೆಂಟು ಮುಖಕ್ಕೇನು ಕೊಡ್ತಾನ?"

ಆ ಸಂಜೆಯೇ ಅವಳು ನನ್ನೊಡನೆ ಬಸ್ಸು ಹತ್ತಿದಳು. ಚಿಕಿತ್ಸೆ ಮುಗಿಯುವವರೆಗೆ ಸರಸ್ವತಿ ನಗರದಲ್ಲಿಯೇ ಉಳಿದಳು. ಇಮ್ರಾನ್ ಏನೂ ಆಗದವನಂತೆ, "ಅಮ್ಮಾ, ನಮ್ಮ ಮಿಷನ್ನಿನ ಪೊರೆ ತೆಗೆಸಿದೀವಿ. ಇವತ್ತು ಸರಿ ಕಾಣ್ತೈತೆ," ಎಂದ. ತಪ್ಪಿದ ದಿನಗಳಿಗೆ ಬದಲಾಗಿ ಶನಿವಾರಗಳಂದು ಚಿಕಿತ್ಸೆ ಕೊಟ್ಟು ಲೆಕ್ಕ ಸರಿದೂಗಿಸಿದರು.

ಅವಳನ್ನು ಗೆದ್ದು ತಂದೆನೆಂಬ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ನಾಲ್ಕನೆಯ ವಾರದಿಂದ ಭೇದಿ ಹಿಡಿಯಿತು. ಮೂತ್ರ ಮಾಡುವಾಗ ಮೆಣಸಿನಕಾಯಿ ತಿಕ್ಕಿದಂತಾಗುತ್ತದೆ ಎನ್ನುತ್ತಿದ್ದಳು. ಕರೆಂಟಿನ ಜೊತೆಗೆ ವಾರಕ್ಕೊಮ್ಮೆ ನರಕ್ಕೆ ಏರಿಸುವ ಕ್ಯಾನ್ಸರ್ ಔಷಧಿಯಿಂದ ಎರಡು ದಿನ ಅನ್ನದ ವಾಸನೆಗೂ ವಾಂತಿ. ಮಜ್ಜಿಗೆ ಅನ್ನವನ್ನು ನುಣ್ಣಗೆ ಕಿವುಚಿ ಕೊಟ್ಟರೆ ನಾಲ್ಕು ತುತ್ತು. ಆದರೂ ಬೆಳಗ್ಗೆ ಎದ್ದು ತಾನೇ ಬಾಟಲಿ ತುಂಬುತ್ತಿದ್ದಳು. ಉರಿಯುವ ಅಂಗದಲ್ಲಿ ನೀರು ತುಂಬಿಕೊಂಡು ಕಾಯುವ ಆ ಮುಕ್ಕಾಲು ಗಂಟೆಯಲ್ಲಿ ನನ್ನ ಮುಂಗೈಯನ್ನು ಹಿಡಿದುಕೊಳ್ಳುತ್ತಿದ್ದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇರುತ್ತಿತ್ತು.

ಹೊರಗಿನ ಕಿರಣ ಮುಗಿದ ಮೇಲೆ ಒಳಗಿನದು. ಗರ್ಭಕೋಶದ ಬಾಯಿಯೊಳಗೆ ಲೋಹದ ಕೊಳವೆಗಳನ್ನಿಟ್ಟು, ಅವು ಅಲುಗದಂತೆ ಬಟ್ಟೆ ತುರುಕಿ, ಮತ್ತೆ ಸ್ಕ್ಯಾನ್ ಮಾಡಿ, ಆ ಕೊಳವೆಗಳ ಮೂಲಕ ವಿಕಿರಣದ ಕಾಳನ್ನು ಗೆಡ್ಡೆಯ ಹತ್ತಿರಕ್ಕೇ ಕಳಿಸುವ ವಿಧಾನ. ಮಂಪರು ಕೊಟ್ಟಿದ್ದರೂ ಕಾಲು ಅಲುಗಿಸದೆ ಗಂಟೆಗಟ್ಟಲೆ ಮಲಗಿರಬೇಕಾಗಿತ್ತು. ಮೊದಲ ಸಲ ಮುಗಿಸಿ ಹೊರಗೆ ತಂದಾಗ ಅವಳ ಕೆಳತುಟಿ ಹಲ್ಲಿನಿಂದ ಕಚ್ಚಿ ಹರಿದಿತ್ತು. ವಾರ ಬಿಟ್ಟು ಮತ್ತೆ ಕರೆದಾಗ ತಾನಾಗಿಯೇ ಎದ್ದು ಹೋದಳು. ಎಲ್ಲವೂ ಮುಗಿದು ಊರಿಗೆ ಮರಳಿದಾಗ ಅವಳು ನೆಟ್ಟ ಭತ್ತ ಹೊಡೆ ಬಿಡುತ್ತಿತ್ತು.

ಮೂರು ತಿಂಗಳ ಬಳಿಕ ಪರೀಕ್ಷೆ. ಸುಗ್ಗಿ ಮುಗಿದಿತ್ತು, ಚಳಿ ಬಿದ್ದಿತ್ತು. ಅಕ್ಕ ಸ್ವಲ್ಪ ಮೈ ತುಂಬಿಕೊಂಡಿದ್ದಳು. ಆದರೆ ಒಣ ಕೆಮ್ಮೊಂದು ಅಂಟಿಕೊಂಡಿತ್ತು. ಧೂಳಿನ ಕೆಮ್ಮು ಎಂದು ಎಲ್ಲರೂ ಭಾವಿಸಿದ್ದೆವು. ವೈದ್ಯೆ ಹೊಸ ಚಿತ್ರಗಳನ್ನು ನೋಡಿ, ಮೊದಲು ನನ್ನೊಡನೆ ಇಂಗ್ಲಿಷಿನಲ್ಲಿ ಮಾತನಾಡತೊಡಗಿದರು. ಅಕ್ಕ ತಡೆದಳು.

"ನನಗ ಹೇಳ್ರಿ. ಹೊಟ್ಟಿ ನನ್ನದಲ್ಲೇನ್ರಿ."

ಅವರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಕರೆಂಟು ಕೊಟ್ಟ ಜಾಗ ಸ್ವಚ್ಛವಾಗಿದೆ. ಗೆಡ್ಡೆ ಕರಗಿದೆ. ಆದರೆ ಶ್ವಾಸಕೋಶದಲ್ಲಿ ಚುಕ್ಕೆಗಳು ಬಂದಿವೆ. ಅಲ್ಲಿಗೆ ಈ ರೀತಿಯ ಕರೆಂಟು ಕೊಡಲು ಬರುವುದಿಲ್ಲ. ಔಷಧಿಯಿಂದ ಕೆಲವು ತಿಂಗಳು ಮುಂದೂಡಬಹುದು. ವಾಸಿ ಮಾಡುವುದು ಆಗುವುದಿಲ್ಲ.

ಅಕ್ಕ ಕೇಳಿದ ಪ್ರಶ್ನೆ ಇದು: "ನಾ ಎರಡು ದಿನ ತಪ್ಪಿಸಿದ್ನಲ್ರಿ, ಅದಕ್ಕ ಹಿಂಗಾತೇನು?"

"ಅಲ್ಲ," ಎಂದರು ವೈದ್ಯೆ. ಹಳೆಯ ಚಿತ್ರವನ್ನು ತೆರೆದು, ಕಿರಣ ಬಿದ್ದ ಜಾಗದ ಸುತ್ತ ಎಳೆದ ಚೌಕವನ್ನು ಬೆರಳಿನಿಂದ ಸುತ್ತು ಹಾಕಿ ತೋರಿಸಿದರು. "ನೀವು ತಪ್ಪಿಸಿದ್ದರಿಂದ ತೊಂದರೆ ಆಗಿದ್ದರೆ ಇದರ ಒಳಗೆ ಆಗಬೇಕಿತ್ತು. ಇಲ್ಲಿ ಏನೂ ಇಲ್ಲ. ಶ್ವಾಸಕೋಶದ್ದು ನೀವು ಮೊದಲ ದಿನ ಇಲ್ಲಿಗೆ ಬರುವ ಮೊದಲೇ ರಕ್ತದಲ್ಲಿ ಮೇಲಕ್ಕೆ ಹೋಗಿರಬೇಕು. ಆಗ ಚಿತ್ರಕ್ಕೆ ಕಾಣದಷ್ಟು ಸಣ್ಣದಿತ್ತು."

"ಹಂಗಾರೆ ನಮ್ಮ ಬದುವಿನ ಒಳಗೆ ಕಳೆ ಇಲ್ಲ."

"ಇಲ್ಲ."

"ಆಚಿ ಕಡಿಂದು."

"ಹೌದು."

ಅವಳು ಎದ್ದಳು. ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇದನ್ನ ನಿನ್ನ ಭಾವಗ ಸರಿಯಾಗಿ ಹೇಳು ಶಾರಿ. ನಾ ಹೇಳಿದ್ರೆ ನಂಬಂಗಿಲ್ಲ. ಆವಾಗ ಬ್ಯಾಡ ಬಿಡು ಅಂದಿದ್ದು ಅವ್ರು. ಅದನ್ನ ಎದ್ಯಾಗಿಟ್ಕೊಂಡು ಕುಂತಾರ. ನಾ ಹೋದ ಮ್ಯಾಲೆ ಅವ್ರನ್ನ ಅದು ತಿನ್ನಬಾರದು."

ನಾನು ಹೇಳಿದೆ. ಆ ಸಂಜೆಯೇ ಹೇಳಿದೆ. ಅವಳು ಹಾಸಿಗೆ ಹಿಡಿದ ಮೇಲೆ ಹೇಳಿದೆ. ಬೇಸಿಗೆಯ ಕೊನೆಗೆ, ಉಸಿರು ಸಾಲದೆ ದಿಂಬುಗಳಿಗೆ ಒರಗಿ ಕುಳಿತೇ ದಿನ ಕಳೆಯುತ್ತಿದ್ದ ಅವಳು ಒಂದು ಮಧ್ಯಾಹ್ನ ಕುಳಿತಲ್ಲಿಯೇ ತೀರಿಹೋದ ಮೇಲೆಯೂ ಹೇಳಿದೆ. ಭಾವ ಪ್ರತಿ ಸಲವೂ ತಲೆಯಾಡಿಸುತ್ತಿದ್ದರು. ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳುತ್ತಿದ್ದರು. ಒಮ್ಮೆ ಎರಡು ದಿನ ಎಂಬುದು ಡಾಕ್ಟರರಿಗೆ ಸರಿಯಾಗಿ ಗೊತ್ತಿತ್ತೇ ಎಂದರು. ಇನ್ನೊಮ್ಮೆ, ಆವತ್ತೇ ಬಯ್ದು ಕಳಿಸಿದ್ದರೆ ಹೆಂಗಿರುತ್ತಿತ್ತು ಎಂದರು.

ಮತ್ತೆ ಮುಂಗಾರು ಬಂದು, ನಾಲೆಗೆ ನೀರು ಬಿಟ್ಟಾಗ, ನಾನು ಕೊಂಡಜ್ಜಿಗೆ ಹೋಗಿದ್ದೆ. ಗದ್ದೆಯಲ್ಲಿ ಗಂಗವ್ವನ ಗುಂಪು ನಾಟಿ ನಡೆಸಿತ್ತು. ಈ ಸಲ ಯಾರೂ ಬೆತ್ತದ ಮಾತೆತ್ತಲಿಲ್ಲ. ಭಾವ ಪಾಳಿ ಮುಗಿಸಿ ಬಂದು, ಕಾರ್ಖಾನೆಯ ಅಂಗಿಯಲ್ಲಿಯೇ ಬದುವಿನ ಮೇಲೆ ಕುಳಿತಿದ್ದರು. ನಾನು ಪಕ್ಕದಲ್ಲಿ ನಿಂತೆ. ಅವರು ಗದ್ದೆಯ ಕಡೆ ನೋಡುತ್ತಲೇ ಕೇಳಿದರು.

"ಆ ಚಿತ್ರ ನೀ ಕಣ್ಣಾರೆ ನೋಡೀಯಾ ಶಾರದಾ?"

"ನೋಡಿದ್ದೇನೆ ಭಾವ."

"ಹೆಂಗಿತ್ತು?"

ಮಾತಿನಿಂದ ಆಗದ್ದು ಕಣ್ಣಿನಿಂದ ಆಗಬಹುದೆಂದುಕೊಂಡೆ. ಛತ್ರಿಯ ತುದಿಯಿಂದ ಬದುವಿನ ಹಸಿ ಮಣ್ಣಿನ ಮೇಲೆ ಒಂದು ಚೌಕ ಬರೆದೆ. ಇದರೊಳಗೆ ಕರೆಂಟು ಕೊಟ್ಟಿದ್ದರು, ಇಲ್ಲಿ ಪೂರಾ ಹೋಗಿತ್ತು ಎಂದೆ. ಚೌಕದ ಆಚೆಗೆ ಒಂದು ಚುಕ್ಕೆ ಇಟ್ಟೆ. ಮತ್ತೆ ರೋಗ ಬಂದಿದ್ದು ಇಲ್ಲಿ, ಶ್ವಾಸಕೋಶದಲ್ಲಿ. ಆ ಎರಡು ದಿನಗಳಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ.

ಭಾವ ಬಾಗಿ ನೋಡಿದರು. ಚೌಕದ ಅಂಚಿಗೂ ಚುಕ್ಕೆಗೂ ನಡುವೆ ಕೈಯಿಟ್ಟರು. ನಾಲ್ಕು ಬೆರಳು ಹಿಡಿಯಿತು.

"ಇಷ್ಟಾ ಹತ್ರ ಇತ್ತಲ್ಲ," ಎಂದರು.

ಅಳತೆಗೆ ಸರಿಯಾಗಿ ಬರೆದಿಲ್ಲ ಭಾವ ಎಂದು ಹೇಳಿದೆ. ಅವರು ಬೆರಳುಗಳನ್ನು ತೆಗೆಯಲಿಲ್ಲ. ನಾನು ಕಾಲಿನಿಂದ ಆ ಚುಕ್ಕೆಯನ್ನು ಅಳಿಸಿ, ಬದುವಿನಗುಂಟ ನಾಲ್ಕು ಹೆಜ್ಜೆ ನಡೆದು ಹೋಗಿ, ಅವರ ಕೈಗೆ ಸಿಗದಲ್ಲಿ, ಮತ್ತೊಂದು ಇಟ್ಟೆ. ಅದು ನಿಜವಾದ ಅಳತೆಗಿಂತ ಬಹಳ ದೂರವಾಯಿತು. ಹಾಗೆಯೇ ಬಿಟ್ಟೆ.